ಸಾಗಿಸುವವರ ಕಣ್ಣು

ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಬೀದಿಯ ಹೆಂಗಸರ ಪಾಲಿಗೆ ನಾನೊಂದು ಬಗೆಯ ನಾಟಿ ವೈದ್ಯೆಯಾಗಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ಎಂಬ ಒಂದೇ ಅರ್ಹತೆಯ ಮೇಲೆ ಅವರೆಲ್ಲ ತಮ್ಮ ತಮ್ಮ ಮೊಬೈಲು ಹಿಡಿದುಕೊಂಡು ಸಂಜೆ ಹೊತ್ತು ನಮ್ಮ ಜಗಲಿಗೆ ಬರುತ್ತಾರೆ. ಒಬ್ಬರಿಗೆ ಅಕ್ಷರ ದೊಡ್ಡದಾಗಬೇಕು. ಇನ್ನೊಬ್ಬರ ಫೋನು ಶುಭೋದಯದ ಚಿತ್ರಗಳಿಂದ ತುಂಬಿ ತೇಕುತ್ತಿರುತ್ತದೆ. ಈಚೆಗೆ ಹೆಚ್ಚಾಗಿರುವ ಕಾಯಿಲೆಯೆಂದರೆ ಫೋಟೋ ಸಾಗಿಸುವುದು. ಬೆಂಗಳೂರಿನ ಮಗನೋ ಮಗಳೋ ತಾವು ಹೊಸ ಫೋನು ಕೊಂಡಾಗ ತಮ್ಮ ಹಳೆಯ ಐಫೋನನ್ನು ಅಮ್ಮನಿಗೆ ಕೊಡುತ್ತಾರೆ. ಅಮ್ಮನ ಹತ್ತು ವರ್ಷದ ಫೋಟೋಗಳೆಲ್ಲ ಆಂಡ್ರಾಯ್ಡ್ ಫೋನಿನಲ್ಲಿ ಕುಳಿತಿರುತ್ತವೆ. ಮಕ್ಕಳಿಗೆ ರಜೆ ಮುಗಿದಿರುತ್ತದೆ. "ಟೀಚರೇ, ಇದರೊಳಗಿನದನ್ನು ಅದಕ್ಕೆ ಹಾಕಿಕೊಡಿ" ಎಂದು ಎರಡೂ ಫೋನು ನನ್ನ ಮಡಿಲಿಗೆ ಬರುತ್ತವೆ.

ಕೇಳುವುದಕ್ಕೆ ಸುಲಭ. ಆದರೆ ಇವೆರಡೂ ಒಂದೇ ಬೀದಿಯ ಎರಡು ಮಡಿವಂತ ಮನೆಗಳಿದ್ದ ಹಾಗೆ. ಎರಡು ಮನೆಯಲ್ಲೂ ಅದೇ ಅನ್ನ, ಅದೇ ಸಾರು; ಆದರೆ ಒಂದು ಮನೆಯ ಪಾತ್ರೆ ಇನ್ನೊಂದರ ಒಳಗೆ ಬರಕೂಡದು. ಐಫೋನುಗಳು ತಮ್ಮ ತಮ್ಮಲ್ಲಿ ಏರ್‌ಡ್ರಾಪ್ ಮಾಡಿಕೊಳ್ಳುತ್ತವೆ, ಆಂಡ್ರಾಯ್ಡಿನವು ಕ್ವಿಕ್ ಶೇರ್ ಮಾಡಿಕೊಳ್ಳುತ್ತವೆ. 2025ರ ನವೆಂಬರಿನಲ್ಲಿ ಗೂಗಲ್‌ನವರು ತಮ್ಮ ಪಿಕ್ಸೆಲ್ 10 ಫೋನುಗಳಿಂದ ಆರಂಭಿಸಿ ಈ ಎರಡರ ನಡುವೆ ಒಂದು ಕಿಂಡಿ ಕೊರೆದರು. ನಮ್ಮ ಜಗಲಿಗೆ ಬರುವ ಫೋನುಗಳು ಅಷ್ಟು ಹೊಸವಲ್ಲ. ಆಪಲ್‌ನವರೇ 2015ರಲ್ಲಿ 'ಮೂವ್ ಟು ಐಒಎಸ್' ಎಂಬ ಒಂದನ್ನು ಮಾಡಿಕೊಟ್ಟರು. ಆದರೆ ಅದರ ಪದ್ಧತಿಯಲ್ಲಿ ಗೃಹಪ್ರವೇಶದ ದಿನವೇ ಸಾಮಾನು ತಂದುಬಿಡಬೇಕು. ಫೋನು ಬಳಸತೊಡಗಿದ ಮೇಲೆ ತರಬೇಕೆಂದರೆ ಎಲ್ಲ ಅಳಿಸಿ ಹೊಸದಾಗಿ ಹೊಸಿಲು ದಾಟಬೇಕು. ಮೊದಲು ನಾವೆಲ್ಲ ಕಣ್ಣು ಮುಚ್ಚಿ ಬಳಸುತ್ತಿದ್ದ ಶೇರ್‌ಇಟ್, ಕ್ಸೆಂಡರ್‌ಗಳನ್ನು 2020ರ ಜೂನ್ 29ರಂದು ಸರಕಾರ ನಿಷೇಧಿಸಿತು. ಗೂಗಲ್ ಫೋಟೋಸಿನಲ್ಲಿ ಇಡೋಣವೆಂದರೆ 2021ರ ಜೂನ್ 1ರಿಂದ ಅಲ್ಲಿ ಧರ್ಮಛತ್ರ ಮುಚ್ಚಿದೆ. ಪತ್ರವೂ ಫೋಟೋವೂ ಸೇರಿ 15 ಜಿಬಿ ತುಂಬಿತೋ, ಬಾಡಿಗೆ ಕೊಡಬೇಕು.

"ವಾಟ್ಸಾಪಿನಲ್ಲಿ ಕಳಿಸಿಕೊಂಡರಾಯಿತಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ಒಗೆದು ಒಗೆದು ಬಣ್ಣ ಹೋದ ಸೀರೆಯ ಹಾಗೆ ಚಿತ್ರ ಸವೆಯುತ್ತದೆ. 2023ರಲ್ಲಿ ಎಚ್‌ಡಿ ಎಂಬ ಸೌಕರ್ಯ ಬಂದ ಮೇಲೂ ಅದು ಮೂಲ ಚಿತ್ರವಲ್ಲ. ಇನ್ನೊಂದು ನಷ್ಟ ಯಾರ ಕಣ್ಣಿಗೂ ಕಾಣುವುದಿಲ್ಲ. ಪ್ರತಿ ಫೋಟೋದ ಒಡಲಲ್ಲಿ ಅದರ ಜಾತಕವೂ ಇರುತ್ತದೆ: ತೆಗೆದ ದಿನ, ಗಳಿಗೆ, ಎಷ್ಟೋ ಸಲ ತೆಗೆದ ಜಾಗ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಈ ಜಾತಕ ಉದುರಿಹೋಗುತ್ತದೆ. ಆಮೇಲೆ ಮೊಮ್ಮಗುವಿನ ನಾಮಕರಣ, ಅದರ ಅಕ್ಷರಾಭ್ಯಾಸ, ಅದರ ಹಲ್ಲು ಬಿದ್ದದ್ದು ಎಲ್ಲವೂ ಹೊಸ ಫೋನಿನಲ್ಲಿ ಮೊನ್ನೆ ಗುರುವಾರವೇ ನಡೆದಂತೆ ಒಂದರ ಮೇಲೊಂದು ಬಿದ್ದಿರುತ್ತವೆ.

ಹಾಗಾಗಿ ನಾನು ಲೋಕಲ್‌ಸೆಂಡ್ ಎಂಬುದನ್ನು ಎರಡೂ ಫೋನಿಗೆ ಹಾಕಿಕೊಳ್ಳುತ್ತೇನೆ. ಹಣ ಕೇಳುವುದಿಲ್ಲ. ಮನೆಯ ಒಂದೇ ವೈಫೈಯಲ್ಲಿ ಎರಡು ಫೋನುಗಳು ಅಕ್ಕಪಕ್ಕ ಕುಳಿತು ನೇರವಾಗಿ ಕೊಟ್ಟು ತೆಗೆದುಕೊಳ್ಳುತ್ತವೆ. ನಡುವೆ ಯಾವ ಕಂಪನಿಯ ಉಗ್ರಾಣವೂ ಇಲ್ಲ. ತೊಂದರೆಯೆಂದರೆ ಒಂದೇ ಸಲಕ್ಕೆ ನಾಲ್ಕೈದು ಸಾವಿರ ಚಿತ್ರ ಕಳಿಸಹೊರಟು ಅದು ನಡುವೆ ನಿಂತುಬಿಟ್ಟರೆ ಯಾವುದು ದಾಟಿತು, ಯಾವುದು ಈ ದಡದಲ್ಲೇ ಉಳಿಯಿತು ಎಂದು ತಿಳಿಯುವುದಿಲ್ಲ. ಆದ್ದರಿಂದ ತಿಂಗಳು ತಿಂಗಳಿನದನ್ನು ಬೇರೆ ಬೇರೆ ಕಟ್ಟು ಮಾಡಿ, ನೂರಿನ್ನೂರರಂತೆ ಆಯ್ದು ಕಳಿಸಬೇಕು. ಆಯುವುದು ಎಂದರೆ ನೋಡುವುದು. ನಾನು ಹೇಳಹೊರಟ ಮಾತು ಇಲ್ಲಿಂದ ಶುರುವಾಗುತ್ತದೆ.

ಹೆಂಗಸರ ಫೋನಿನಲ್ಲಿ ಏನೇನಿರುತ್ತದೆ ಎಂದು ನಿಮಗೇ ಗೊತ್ತು. ಹಬ್ಬದ ಮಂಟಪ, ಮದುವೆಮನೆಯ ಜಡೆ, ನಾದಿನಿಯ ಸೀರೆಯ ಅಂಚು. ಅದರ ನಡುನಡುವೆ ಕರೆಂಟು ಬಿಲ್ಲು, ರೇಷನ್ ಕಾರ್ಡು, ಡಾಕ್ಟರ ಚೀಟಿ, ಅಡಿಕೆ ಎಲೆಗೆ ಬಿದ್ದ ಚುಕ್ಕೆ, ನೋವಿರುವ ಬೆರಳಿನ ಊತ, ಯಾರದೋ ಕೈಬರಹದಲ್ಲಿರುವ ಉಪ್ಪಿನಕಾಯಿಯ ಅಳತೆ. ಕೆಲವರ ಫೋನಿನಲ್ಲಿ ಇನ್ನೂ ಒಳಗಿನದು. ಹಿಂದೆ ಮದುವೆಯಾಗಿ ಬಂದ ಹುಡುಗಿಗೆ ಆ ದೊಡ್ಡ ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ತವರಿನಿಂದ ತಂದ ಒಂದು ಟ್ರಂಕು. ಕೀಲಿಕೈ ಅವಳ ಮಾಂಗಲ್ಯದ ಸರದಲ್ಲೋ ಸೊಂಟದಲ್ಲೋ ಇರುತ್ತಿತ್ತು. ಈಗ ಆ ಟ್ರಂಕಿನ ಜಾಗಕ್ಕೆ ಫೋನು ಬಂದಿದೆ. ವ್ಯತ್ಯಾಸವಿಷ್ಟೇ, ಟ್ರಂಕನ್ನು ಮುಚ್ಚಿಟ್ಟೇ ಸಾಗಿಸಬಹುದಿತ್ತು. ಇದನ್ನು ಸಾಗಿಸಬೇಕಾದರೆ ಬಿಚ್ಚಿ ಒಂದೊಂದೇ ಹೊರತೆಗೆಯಬೇಕು. ಅದೂ ತಾವಲ್ಲ. ಮಗ, ಅಳಿಯ, ಮೊಬೈಲು ಅಂಗಡಿಯ ಹುಡುಗ, ಇಲ್ಲವೇ ನನ್ನಂಥವಳು.

ಇನ್ನೊಬ್ಬರದನ್ನು ಸಾಗಿಸುವವರು ಕಂಡದ್ದನ್ನು ಏನು ಮಾಡಬೇಕು?

ಪ್ರಶ್ನೆ ಹೊಸದಲ್ಲ. ತಂತಿ ಕಚೇರಿಯ ಗುಮಾಸ್ತ ಪ್ರತಿ ಅಕ್ಷರ ಓದದೆ ತಂತಿ ಕಳಿಸುವಂತೆಯೇ ಇರಲಿಲ್ಲ. 2013ರ ಜುಲೈಯಲ್ಲಿ ಆ ಸೇವೆ ನಿಲ್ಲುವವರೆಗೂ ಊರಿನ ಸಾವುಗಳನ್ನು ಮನೆಯವರಿಗಿಂತ ಮೊದಲು ತಿಳಿಯುತ್ತಿದ್ದವನು ಅವನು. ಸ್ಟುಡಿಯೋದವನು ರೀಲು ತೊಳೆಯುವಾಗ ಮೂವತ್ತಾರು ಚಿತ್ರಗಳನ್ನೂ ನೋಡಲೇಬೇಕಿತ್ತು. ನನ್ನ ಬಾಲ್ಯದ ಹಳ್ಳಿಯಲ್ಲಿ ಅಂಚೆಯಣ್ಣ ಕಾಗದ ಕೊಟ್ಟು ಹೋಗುತ್ತಿರಲಿಲ್ಲ. ಓದು ಬಾರದ ಅಜ್ಜಿಯರಿಗೆ ಅದನ್ನು ಓದಿ ಹೇಳಿ, ಉತ್ತರವನ್ನೂ ಬರೆದುಕೊಂಡು ಹೋಗುತ್ತಿದ್ದ. ನನ್ನ ಅಜ್ಜಿ ಕೈಯ ಕೆಲಸ ಬಿಟ್ಟು ಕಂಬಕ್ಕೊರಗಿ ಕೂರುತ್ತಿದ್ದಳು. ಮುಂಬಯಿಯ ಮಗ ಹಣ ಕಳಿಸುವುದು ನಿಲ್ಲಿಸಿದ ವರ್ಷ ಆ ಸುದ್ದಿ ಗೊತ್ತಿದ್ದದ್ದು ಇಬ್ಬರಿಗೇ, ಅಜ್ಜಿಗೆ ಮತ್ತು ಅಂಚೆಯಣ್ಣನಿಗೆ. ನಾಲ್ಕು ಹಳ್ಳಿಯ ಇಂಥ ಸುದ್ದಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನು ಸೈಕಲ್ಲು ತುಳಿದ. ಅಜ್ಜಿ ಅವನಿಗೆ ಕಾಫಿ ಕೊಡುವಾಗ ಒಂದು ಬಗೆಯ ಸಲಿಗೆಯೂ ಸಂಕೋಚವೂ ಇರುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಇದೇ ಕಾಗದಗಳ ವಿಷಯದಲ್ಲಿ ಪೇಟೆಯ, ಓದು ಬಲ್ಲ ಮನೆಗಳ ಕಥೆ ಬೇರೆ. ನಾನು ಮದುವೆಯಾಗಿ ಹೋದ ಮನೆಯಲ್ಲಿ ಸೊಸೆಯರಿಗೆ ತವರಿನಿಂದ ಬಂದ ಇನ್‌ಲ್ಯಾಂಡ್ ಕಾಗದ ಜಗಲಿಯಲ್ಲೇ ಒಡೆಯುತ್ತಿತ್ತು. ಮಾವನವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ, "ಎಲ್ಲ ಕ್ಷೇಮವಂತೆ" ಎಂದು ಒಳಗೆ ಕಳಿಸುತ್ತಿದ್ದರು. ಅವರು ಕೆಟ್ಟವರಲ್ಲ. ಮನೆಗೆ ಬಂದ ಕಾಗದ ಮನೆಯದು ಎಂದು ನಂಬಿದ್ದರು, ಅಷ್ಟೆ. ನನ್ನ ಅಮ್ಮ ಇದನ್ನು ತಿಳಿದೇ ಬರೆಯುತ್ತಿದ್ದಳು. "ಹಿತ್ತಿಲ ಮಲ್ಲಿಗೆ ಬಳ್ಳಿ ಈ ಸಲ ಬಾಡಿದೆ" ಎಂದರೆ ಅಪ್ಪನಿಗೆ ಮತ್ತೆ ಎದೆನೋವು ಬಂದಿತ್ತು ಎಂದು ಅರ್ಥ. ಎಲ್ಲರೆದುರು ಮಲ್ಲಿಗೆಯ ಸುದ್ದಿ ಕೇಳಿ, ಬಚ್ಚಲಿಗೆ ಹೋಗಿ ಅತ್ತು ಬಂದು, ರೊಟ್ಟಿ ತಟ್ಟಿದ ದಿನಗಳಿವೆ.

ಕಾನೂನು ಈ ವಿಷಯದಲ್ಲಿ ಮಾತಾಡಿಲ್ಲವೆಂದಲ್ಲ. 1898ರ ಅಂಚೆ ಕಾಯಿದೆಯಲ್ಲಿ ಅಂಚೆಯ ನೌಕರ ಕರ್ತವ್ಯ ಮೀರಿ ಕಾಗದ ಒಡೆದರೆ ಎರಡು ವರ್ಷದವರೆಗೆ ಸಜೆಯಿತ್ತು. ಮಾವನವರಿಗೆ ಯಾವ ಸಜೆಯೂ ಇರಲಿಲ್ಲ. ಆ ಕಾಯಿದೆಯ ಶಿಕ್ಷೆಗಳನ್ನು 2023ರಲ್ಲಿ ತೆಗೆದರು. 2024ರ ಜೂನ್ 18ರಿಂದ ಹೊಸ ಅಂಚೆ ಕಾಯಿದೆಯೇ ಬಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು, ಕೆ. ಎಸ್. ಪುಟ್ಟಸ್ವಾಮಿಯವರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡ ಆ ಹಿರಿಯರ ಹೆಸರಿನಲ್ಲೇ ತೀರ್ಪು ಪ್ರಸಿದ್ಧವಾಗಿದೆ ಎಂಬುದು ನಾವು ಹೆಮ್ಮೆ ಪಡಬೇಕಾದ ಸಂಗತಿ. 2023ರಲ್ಲಿ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಕಾಯಿದೆಯೂ ಬಂತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಕೆಲಸಕ್ಕೆಂದು ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಅನ್ವಯಿಸಲೂಬಾರದು, ಮನೆಮನೆಗೂ ಪೊಲೀಸರು ಬಂದಾರು. ಒಟ್ಟಿನಲ್ಲಿ ಜಗಲಿಯಲ್ಲಿ ಕುಳಿತು ಪಕ್ಕದ ಮನೆಯವರ ಫೋನು ಬಿಚ್ಚುವವಳು ಏನು ಮಾಡಬೇಕೆಂದು ಅವಳೇ ತೀರ್ಮಾನಿಸಿಕೊಳ್ಳಬೇಕು.

ಹೋದ ವರ್ಷ ದೀಪಾವಳಿ ಕಳೆದ ವಾರ ಒಬ್ಬ ಅಕ್ಕ ಬಂದರು. ನನಗಿಂತ ಐದಾರು ವರ್ಷ ಹಿರಿಯರು, ಯಜಮಾನರು ಹೋಗಿ ಮೂರು ವರ್ಷವಾಗಿದೆ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಇಂಜಿನಿಯರು, ಒಳ್ಳೆಯ ಹುಡುಗ. ಹಬ್ಬಕ್ಕೆ ಬಂದವನು ತನ್ನ ಐಫೋನನ್ನು ಅಮ್ಮನಿಗೆ ಕೊಟ್ಟು, "ನನ್ನ ಅಕೌಂಟಿನಲ್ಲೇ ಇರಲಿ ಅಮ್ಮ, ಜಾಗ ಬೇಕಾದಷ್ಟಿದೆ, ನಿನ್ನ ಫೋಟೋ ಒಂದೂ ಕಳೆಯುವುದಿಲ್ಲ" ಎಂದು ಹೇಳಿ ಹೋಗಿದ್ದ. ಅಕ್ಕ ನನಗೆ ಎರಡೂ ಫೋನು ಕೊಟ್ಟು ಎದುರಿಗೆ ಕುಳಿತು ಹೂ ಕಟ್ಟತೊಡಗಿದರು.

ಪರೀಕ್ಷೆಗೆಂದು ಮೊದಲು ಹತ್ತು ಚಿತ್ರ ಕಳಿಸಿದೆ. ದಾಸವಾಳ, ಕರು, ತುಳಸಿಕಟ್ಟೆ. ಸರಿಯಾಗಿ ಬಂದವು, ತಂತಮ್ಮ ತಾರೀಖಿನ ಜಾಗದಲ್ಲೇ ಹೋಗಿ ಕುಳಿತವು. ಐದು ನಿಮಿಷವಾಗಿರಬೇಕು, ಮಗನ ಫೋನು ಬಂತು. "ಅಮ್ಮಾ, ನಿನ್ನ ಕರು ನನ್ನ ಫೋನಿಗೆ ಬಂತು! ದಾಸವಾಳಾನೂ ಬಂತು!" ಅವನಿಗೆ ಖುಷಿಯೋ ಖುಷಿ. ಅಕ್ಕನೂ ನಕ್ಕರು. ಒಂದೇ ಅಕೌಂಟಿನಲ್ಲಿ ಐಕ್ಲೌಡ್ ಫೋಟೋಸ್ ತೆರೆದಿಟ್ಟರೆ ಆಗುವುದೇ ಹಾಗೆ. ಒಂದು ಫೋನಿನಲ್ಲಿ ಬಿದ್ದ ಚಿತ್ರ ಆ ಅಕೌಂಟಿನ ಎಲ್ಲ ಫೋನಿನಲ್ಲೂ ಮೂಡುತ್ತದೆ. ಒಂದರಲ್ಲಿ ಅಳಿಸಿದರೆ ಎಲ್ಲದರಿಂದಲೂ ಹೋಗುತ್ತದೆ.

ಮುಂದಿನ ಕಟ್ಟನ್ನು ಆಯುತ್ತಿದ್ದಾಗ ಅದು ಕಂಡಿತು. ಒಂದು ಸೊಸೈಟಿಯ ಚಿನ್ನದ ಸಾಲದ ಚೀಟಿ. ಬಳೆ ನಾಲ್ಕು ಎಂದು ಬರೆದಿತ್ತು. ಮುಂದಿನ ವರ್ಷದ ಅದೇ ತಿಂಗಳಿಗೆ ಹೋದರೆ ಇನ್ನೊಂದು ಚೀಟಿ. ಬಳೆ ಅವೇ, ಬಡ್ಡಿ ಕಟ್ಟಿ ಹೊಸದು ಮಾಡಿಸಿದ್ದು. ಹೀಗೆ ಐದು ವರ್ಷದ ಐದು ಚೀಟಿ. ಯಜಮಾನರು ಹೋದ ಮೇಲೆ ಅಕ್ಕನ ಕೈ ಬರಿದಾಗಿದೆ ಎಂದು ನಾವೆಲ್ಲ ತಿಳಿದಿದ್ದೆವು. ಅವರ ಮಗನೂ ಹಾಗೇ ತಿಳಿದಿರಬೇಕು. ನಮ್ಮ ಕಡೆ ವಿಧವೆಯ ಕೈಯಲ್ಲಿ ಬಳೆ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲವಲ್ಲ! ತಾರೀಖುಗಳನ್ನು ನೋಡಿದರೆ ಅವರಿದ್ದಾಗಲೇ ಬಳೆ ಹೋಗಿತ್ತು, ಮಗನ ಓದಿನ ಕೊನೆಯ ವರ್ಷಗಳಲ್ಲಿ.

ನಾನು ಕಳಿಸುವ ಗುಂಡಿ ಒತ್ತಿದರೆ ಐದು ನಿಮಿಷದಲ್ಲಿ ಅದು ಬೆಂಗಳೂರಿನಲ್ಲಿ. ಅಕ್ಕ ಮಾತ್ರ ಮಲ್ಲಿಗೆಯನ್ನೂ ಮರುಗವನ್ನೂ ಒಂದಾದ ಮೇಲೊಂದು ಇಟ್ಟು ಕಟ್ಟುತ್ತಿದ್ದರು.

ನಿಜ ಹೇಳುವುದಾದರೆ ನನ್ನ ಮನಸ್ಸಿನ ಒಂದು ಮೂಲೆ, ಒತ್ತಿಬಿಡು ಎಂದಿತು. ಯಾರು ಹೇಳಿದ ಹಾಗೂ ಆಗುವುದಿಲ್ಲ, ಯಂತ್ರ ಹೇಳಿದ ಹಾಗಾಗುತ್ತದೆ. ಕೈತುಂಬ ಸಂಬಳ ತರುವ ಮಗ ತನ್ನ ಓದಿಗೆ ಹೋದ ಬಳೆಯನ್ನು ಬಿಡಿಸಿ ತಂದು ಅಮ್ಮನ ಕೈಗೆ ಹಾಕುತ್ತಾನೆ. ಕಥೆ ಚೆನ್ನಾಗಿದೆ. ಆದರೆ ಹೇಳುವ ಹಕ್ಕು ಯಾರದು ಎಂದು ತಿಳಿದೂ, ಅದನ್ನು ಯಂತ್ರದ ಹೆಸರಿನಲ್ಲಿ ಕಿತ್ತುಕೊಳ್ಳುವುದಕ್ಕೆ ಬೇರೆ ಯಾವ ಹೆಸರಿಟ್ಟರೂ ಅದು ಕಳ್ಳತನವೇ.

ಇನ್ನೊಂದು ದಾರಿಯಿತ್ತು. ಆ ಐದು ಚಿತ್ರಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಕಳಿಸಿ, ಏನೂ ಕಾಣದವಳಂತೆ ಫೋನು ಹಿಂದಿರುಗಿಸುವುದು. ಕಂಡೂ ಕಾಣದಂತಿರುವುದು ನಮ್ಮ ಹಿರಿಯ ಹೆಂಗಸರು ಬಹಳ ಮೆಚ್ಚಿದ ಗುಣ. ಬಾಗಿಲಿಗೆ ಚಿಲಕವಿಲ್ಲದ, ಒಂದೇ ನಡುಮನೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದ ಮನೆಗಳಲ್ಲಿ ಅದೊಂದೇ ಪರದೆಯಾಗಿತ್ತು. ನಾನೂ ಅದನ್ನು ಗೌರವಿಸಿ ಬೆಳೆದವಳು. ಆದರೂ ಅಂದು ಅದು ಸಾಲದೆನ್ನಿಸಿತು. ಯಾಕೆಂದು ಆಮೇಲೆ ಬಹಳ ಯೋಚಿಸಿದೆ. ಅಂಚೆಯಣ್ಣ ಬಾಯಿ ಬಿಡದಿದ್ದದ್ದು ದೊಡ್ಡತನವೇ. ಆದರೆ ಅವನಿಗೆ ಗೊತ್ತಿದೆ ಎಂಬುದು ಅಜ್ಜಿಗೂ ಗೊತ್ತಿತ್ತು. ಅವಳೇ ಅವನನ್ನು ಕೂರಿಸಿ ಓದಿಸಿಕೊಂಡವಳು. ಆ ಮೌನ ಇಬ್ಬರಿಗೂ ಸೇರಿದ್ದು, ಅದರ ಮೇಲೆ ಇಬ್ಬರಿಗೂ ಸಮನಾದ ಒಡೆತನ. ನಾನು ಸುಮ್ಮನೆ ಫೋನು ಹಿಂದಿರುಗಿಸಿದ್ದರೆ? ನಾಳೆ ದೇವಸ್ಥಾನದಲ್ಲಿ ಅಕ್ಕ ಎದುರಾದಾಗ ನನ್ನ ಕಣ್ಣು ಅವರ ಮಣಿಕಟ್ಟಿಗೆ ಹೋಗುತ್ತದೆ. ತಮ್ಮ ಗುಟ್ಟು ಭದ್ರವಾಗಿದೆ ಎಂದುಕೊಂಡು ಅವರು ನನ್ನೊಡನೆ ತಲೆಯೆತ್ತಿ ಮಾತಾಡುತ್ತಾರೆ. ನಾನು ಒಳಗೊಳಗೇ ಮರುಗುತ್ತೇನೆ. ಅವರಿಗೆ ತಿಳಿಯದಂತೆ ಅವರನ್ನು ನಾನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ ಹಾಗೆ. ಹಾಗೆ ಮರುಗಿಸಿಕೊಳ್ಳಲು ಅವರು ನನ್ನನ್ನು ಕೇಳಿಕೊಂಡಿರಲಿಲ್ಲ.

"ಅಕ್ಕಾ, ಇಲ್ಲಿ ನೋಡಿ. ಇದನ್ನು ಕಳಿಸಿದರೆ ಅವನಿಗೂ ಹೋಗುತ್ತೆ. ನಾನೂ ನೋಡಿದೆ" ಎಂದು ಫೋನನ್ನು ಅವರ ಕಡೆ ತಿರುಗಿಸಿದೆ.

ಅವರು ಹೂವಿನ ಬಾಳೆನಾರನ್ನು ಹಲ್ಲಲ್ಲಿ ಕಚ್ಚಿ ಗಂಟು ಹಾಕಿ, ದಂಡೆಯನ್ನು ಎಲೆಯ ಮೇಲಿಟ್ಟು, ಆಮೇಲೆ ನೋಡಿದರು. "ಕಾಗದ ಅಕ್ಕಿ ಡಬ್ಬದಲ್ಲಿಟ್ಟರೆ ಯಾರಾದರೂ ತೆಗೀತಾರೆ, ಫೋನಿನಲ್ಲಿ ಯಾರು ನೋಡ್ತಾರೆ ಅಂತ ಫೋಟೋ ಹೊಡೆದಿಟ್ಟಿದ್ದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ಐದು ಬಿಟ್ಟು ಉಳಿದದ್ದು ಕಳಿಸಿ ಟೀಚರೇ."

ನನ್ನೊಳಗಿನ ಮೇಷ್ಟ್ರಗಿತ್ತಿ ಸುಮ್ಮನಿರಬೇಕಲ್ಲ! "ಅವನು ದುಡಿಯುತ್ತಿದ್ದಾನೆ, ಹೇಳಬಾರದೇ ಅಕ್ಕ?" ಎಂದೆ.

"ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತ ಗಾದೆಯೇ ಇದೆಯಲ್ಲ."

"ಸಾಲ ಸಂಸಾರವೋ ವ್ಯಾಧಿಯೋ? ಬಡ್ಡಿ ಬೆಳೆಯುತ್ತದಲ್ಲ. ಮುಚ್ಚಿಟ್ಟಷ್ಟೂ ಬೆಳೆಯುವುದು ವ್ಯಾಧಿಯೇ."

ಅವರು ನಕ್ಕರು. "ನೀವು ಓದಿದವರು, ಹೇಗೆ ಬೇಕಾದರೂ ಹೇಳ್ತೀರಿ. ನಾನು ಬಾಯಿಬಿಟ್ಟು ಹೇಳಿದರೆ ಅದು ಅವನ ತಲೆ ಮೇಲಿನ ಸಾಲ ಆಗುತ್ತೆ. ಹೇಳದೆ ಇದ್ದರೆ ಅದು ಅವನು ಓದಿದ ಓದು, ಅಷ್ಟೆ. ಬಡ್ಡಿಗೆ ಹಾಲಿನ ದುಡ್ಡು ಸಾಕಾಗುತ್ತೆ."

ನನಗಿದು ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ತನಗಾಗಿ ಏನು ಹೋಯಿತು ಎಂದು ತಿಳಿಯುವ ಹಕ್ಕು ಮಗನಿಗೂ ಇದೆ ಎಂದೇ ನನ್ನ ಅಭಿಪ್ರಾಯ. ಇವರ ಕಾಲವಾದ ಮೇಲೆ ಬೀರು ಬಗೆಯುವಾಗ ತಿಳಿದರೆ ಆ ಹುಡುಗ ಅದನ್ನು ಎಲ್ಲಿಟ್ಟುಕೊಳ್ಳಬೇಕು? ಅಮ್ಮಂದಿರ ಇಂಥ ಗುಟ್ಟುಗಳಲ್ಲಿ ತ್ಯಾಗದ ಜೊತೆಗೆ ಕೊಂಚ ಅಭಿಮಾನವೂ ಸೇರಿರುತ್ತದೆ. ಅದನ್ನು ನಾವು ಹೆಂಗಸರೇ ಒಪ್ಪಿಕೊಳ್ಳಬೇಕು. ಇದನ್ನೆಲ್ಲ ಅಕ್ಕನಿಗೆ ಹೇಳಿದೆ, ಎರಡು ಮೂರು ಸಲ. ಹೇಳುವುದು ನನ್ನ ಹಕ್ಕು, ಯಾಕೆಂದರೆ ನಾನು ನೋಡಿದ್ದೇನೆ ಎಂದು ಅವರಿಗೆ ಗೊತ್ತು. ಅವನಿಗೆ ಹೇಳುವುದು ಮಾತ್ರ ನನ್ನದಲ್ಲ.

ಐಫೋನಿನಲ್ಲಿ ಐಕ್ಲೌಡ್ ಫೋಟೋಸ್ ನಿಲ್ಲಿಸಿಬಿಡುತ್ತೇನೆ, ಇಲ್ಲವೇ ನಿಮ್ಮದೇ ಬೇರೆ ಅಕೌಂಟು ಮಾಡಿಕೊಡುತ್ತೇನೆ ಎಂದೂ ಹೇಳಿ ನೋಡಿದೆ. ಬೇಡವೆಂದರು. ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎಂದು ಮಗ ಕೇಳುತ್ತಾನಂತೆ. ದಿನಾ ಬೆಳಿಗ್ಗೆ ಕರುವಿನ ಫೋಟೋ ಹೋಗುತ್ತದೆ, ಅವನು ಆಫೀಸಿಗೆ ಹೋಗುವಾಗ ನೋಡುತ್ತಾನೆ, ಅದನ್ನು ಯಾಕೆ ತಪ್ಪಿಸಬೇಕು? ಹಾಗಾಗಿ ಹಳೆಯ ಫೋನು ಸಿಮ್ಮಿಲ್ಲದೆ ಬೀರುವಿನ ಸೀರೆಗಳ ಅಡಿ ಸೇರಿತು. ತಿಂಗಳಿಗೊಮ್ಮೆ ಅದನ್ನು ತಂದು ಚಾರ್ಜಿಗೆ ಹಾಕುವುದು ನಮ್ಮ ಮನೆಯಲ್ಲೇ. ಚೀಟಿಯ ವಾಯಿದೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡಿದ್ದಾರೆ. ಆ ದಿನದ ಚೌಕದಲ್ಲಿ "ಹಿಂಡಿ ತರುವುದು" ಎಂದು ಬರೆದಿದೆ. ನಾನು ನೋಡಿ ನಕ್ಕೆ. ಅಮ್ಮನ ಮಲ್ಲಿಗೆ ಬಳ್ಳಿ ನೆನಪಾಯಿತು.

ಈಗ ಯಾರಾದರೂ ಎರಡು ಫೋನು ತಂದರೆ ಮೊದಲು ಕೇಳುವುದು ಅಕೌಂಟು ಯಾರದು ಎಂದು. ಗಂಡನದೋ ಮಗನದೋ ಆಗಿದ್ದರೆ, ಇಲ್ಲಿ ಬಿದ್ದದ್ದು ಅಲ್ಲಿ ಮೂಡಬಹುದು ಎಂದು ಬಿಡಿಸಿ ಹೇಳುತ್ತೇನೆ. ಫೋಟೋ ಆಯುವ ಕೆಲಸ ಅವರದೇ. ನಾನು ಪಕ್ಕದಲ್ಲಿ ಕುಳಿತು ಎಲ್ಲಿ ಒತ್ತಬೇಕೆಂದು ಬೆರಳು ತೋರಿಸುತ್ತೇನೆ. ಇದರಿಂದ ಒಂದು ಗಂಟೆಯ ಕೆಲಸಕ್ಕೆ ಮೂರು ಸಂಜೆ ಬೇಕಾಗುತ್ತದೆ. ಪ್ರತಿ ಫೋಟೋಗೂ ಒಂದು ಕಥೆ, ನಡುವೆ ಕಾಫಿ. ಮೊನ್ನೆ ಒಬ್ಬರು ತೀರಿಹೋದ ತಮ್ಮನ ಮುಖ ಬಂದ ಕೂಡಲೇ ಫೋನು ಮಗುಚಿಟ್ಟು, "ಉಳಿದದ್ದು ನಾಳೆ" ಎ೦ದು ಎದ್ದು ಹೋದರು. ಕಾಲೇಜಿನ ಹುಡುಗಿಯರಿಗಂತೂ, ಫೋನಿನ ಜೊತೆ ಪಾಸ್‌ವರ್ಡನ್ನೂ ಬರೆದುಕೊಟ್ಟು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಎಷ್ಟು ಹೊತ್ತಾದರೂ ಎದುರಿಗೇ ನಿಂತು ಮಾಡಿಸಿ ಎಂದು ಸಿಕ್ಕಿದಲ್ಲೆಲ್ಲ ಹೇಳುತ್ತಿದ್ದೇನೆ. ಕೇಳುತ್ತಾರೋ ಇಲ್ಲವೋ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅಕ್ಕನಿಗೆ ಓದಲು ಕೊಟ್ಟೆ. ಯಾವ ಬೀದಿ, ಯಾವ ಊರು ಎಂದು ಓದುಗರು ಹುಡುಕುವುದು ಬೇಡ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿಯೇ ಬರೆದಿದ್ದೇನೆ. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಡ" ಎಂದರು. ಬಳೆಗಳ ತೂಕ ಬರೆದಿದ್ದೆ.

"ಉಳಿದದ್ದನ್ನು ಅವನು ಓದಿದರೆ?" ಎಂದು ಕೇಳಿದೆ.

"ಓದಿದರೆ ಯಾರೋ ಒಬ್ಬರ ಅಮ್ಮನ ಕಥೆ ಅಂದುಕೊಳ್ತಾನೆ. ತೂಕ ಮಾತ್ರ ಅವನಿಗೆ ಚಿಕ್ಕಂದಿನಿಂದ ಬಾಯಿಪಾಠ. ನಮ್ಮ ಅತ್ತೆ ದಿನಾ ಹೇಳಿ ಹೇಳಿ ಕಲಿಸಿದ್ದರು."

ಆ ಸಾಲನ್ನು ತೆಗೆದಿದ್ದೇನೆ.